ಅವರ ಪಾಲಿನ ಏರುದನಿ

ಸವಣೂರಿನಲ್ಲಿ ಕರಿದ ಖಾರ ಮಾರುವ ಅಂಗಡಿಯವರೊಬ್ಬರು ಪ್ರತಿ ಸೋಮವಾರ ಸಂಜೆ ತಕ್ಕಡಿ ಬದಿಗಿಟ್ಟು, ಖಾಲಿ ಡಬ್ಬಿಯೊಂದನ್ನು ತೊಡೆಯ ಮೇಲೆ ಎಳೆದುಕೊಂಡು ತಾಳ ಹಾಕುತ್ತಿದ್ದರು. ಹಾಡುತ್ತಿದ್ದದ್ದು ತತ್ವಪದ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಈಗ ಎಲ್ಲೂ ಕಿವಿಗೆ ಬೀಳದ ಹಳೆಯ ಪದಗಳು. ಅಂಗಡಿ ಮುಂದೆ ಸೇರುತ್ತಿದ್ದ ನಾವು ಚಪ್ಪಾಳೆ ತಟ್ಟಿದರೆ ಕೈಯೆತ್ತಿ ತಡೆಯುವರು: "ಚಪ್ಪಾಳಿ ಬ್ಯಾಡ್ರಿ, ದನಿ ಕೂಡಸ್ರಿ."

ನಾವೂ ಕೂಡಿಸುತ್ತಿದ್ದೆವು, ಪಕ್ಕದಲ್ಲಿ ವೀಳ್ಯದೆಲೆ ಮಾರುವ ಅಕ್ಕನೂ ಕೂಡಿಸುತ್ತಿದ್ದಳು. ಪದದ ನಡುವಿನ ಏರುದನಿಯ ಸಾಲು ಮಾತ್ರ ಅವರದೇ. ಅದನ್ನು ಮುಟ್ಟುವ ಗಂಟಲು ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಹೋದ ವರ್ಷ ಗಂಟಲಿನ ಆಪರೇಷನ್ ಆಗಿ ಅವರ ದನಿ ಪೂರ್ತಿ ಹೋಯಿತು. ಅಂಗಡಿಗೆ ಮರಳಿದ ಮೊದಲ ಸೋಮವಾರ, ಹಾಡುವುದೋ ಬೇಡವೋ ಎಂದು ನಾವು ಮುಖ ಮುಖ ನೋಡಿಕೊಂಡೆವು. ಅವರೇ ಡಬ್ಬಿ ಎಳೆದುಕೊಂಡರು. ತಾಳ ಬಿತ್ತು, ಹಾಡಿದೆವು. ಏರುದನಿಯ ಸಾಲು ಬಂದಾಗ ಎಲ್ಲರೂ ನಾವಾಗಿಯೇ ಸುಮ್ಮನಾದೆವು. ಅವರು ಕಣ್ಣು ಮುಚ್ಚಿ ಎಡಗೈ ಮೇಲೆತ್ತಿದರು. ತುಟಿಗಳು ಅಲುಗಿದವು. ಬಲಗೈಯ ತಾಳ ನಡೆದೇ ಇತ್ತು.

ಖಾರ ಕೊಳ್ಳಲು ಬಂದ ಪರವೂರಿನವನೊಬ್ಬ ಕೇಳಿದ: "ಯಾಕ್ರಿ, ಪದ ನಿಲ್ಲಿಸಿಬಿಟ್ರಿ?"

ಅಕ್ಕ ತುಟಿಯ ಮೇಲೆ ಬೆರಳಿಟ್ಟಳು: "ಸುಮ್ಕಿರ್ರಿ. ಅವ್ರು ಹಾಡಾಕತ್ತಾರ."