ಗೆದ್ದ ವರ್ಷದ ಅಧ್ಯಾಪಕಿ: ಪ್ರೊ. ಆಡ್ರಾ ಟಿಡ್ವೆಲ್

ಅಲಬಾಮಾ ಸೀಮೆಯಲ್ಲಿ ಭೂವಿಜ್ಞಾನದ ಬೋಧನೆಯನ್ನು ವ್ರತದಂತೆ ನಡೆಸಿಕೊಂಡು ಬಂದವರನ್ನು ನೆನೆಯುವಾಗ ಪ್ರೊ. ಆಡ್ರಾ ಟಿಡ್ವೆಲ್ ಅವರ ಹೆಸರನ್ನು ಬಿಡುವಂತಿಲ್ಲ. ನದಿಗಳು ಹೊತ್ತು ತಂದ ಮಣ್ಣು ಪದರಪದರವಾಗಿ ಕೂತು ನೆಲವಾಗುವ ಬಗೆಯನ್ನು ಕುರಿತ ಅವರ ಅಧ್ಯಯನಗಳು ವಿದ್ವಾಂಸರ ಮನ್ನಣೆ ಪಡೆದಿವೆ. ಅವರ ಕೈಯಲ್ಲಿ ಕಲಿತವರು ಗಣಿಗಳಲ್ಲಿ, ಅಣೆಕಟ್ಟುಗಳಲ್ಲಿ, ದೂರದ ವಿಶ್ವವಿದ್ಯಾಲಯಗಳಲ್ಲಿ ದುಡಿಯುತ್ತಿದ್ದಾರೆ. ಅವರು ವೆದರ್ಲಿ ವಿಶ್ವವಿದ್ಯಾಲಯದಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಆ ಸಾಧನೆಗಳನ್ನು ಈ ಸಂಪುಟದ ಉಳಿದ ಲೇಖನಗಳು ವಿವರಿಸಿವೆ. ಇಲ್ಲಿ ಹೇಳಹೊರಟಿರುವುದು ಅವರ ಸೇವಾವಧಿಯ ಒಂದೇ ಒಂದು ವರ್ಷದ ಸಂಗತಿ. ಊರಿಗೆಲ್ಲ ಅದು ನಮ್ಮ ಫುಟ್ಬಾಲ್ ತಂಡ ರಾಷ್ಟ್ರೀಯ ಚಾಂಪಿಯನ್ ಆದ ವರ್ಷ. ಆಡ್ರಾ ಅವರಿಗೆ ಅದು ಡಾಲ್ಟನ್ ಲಾಡ್ನರ್‌ನ ವರ್ಷ.

ಆಡ್ರಾ ಅವರು ವೆದರ್ಲಿಗೆ ಬಂದಾಗ ವಿಭಾಗದಲ್ಲಿ ಅವರೊಬ್ಬರೇ ಹೆಣ್ಣುಮಗಳು. ತಮ್ಮ ಹಳೆಯ ವ್ಯಾನಿನಲ್ಲಿ ವಿದ್ಯಾರ್ಥಿಗಳನ್ನು ತುಂಬಿಕೊಂಡು ನದಿದಂಡೆಗೆ ಹೋಗುವುದು, ಮನೆಯಿಂದ ತಂದ ಮೆಕ್ಕೆಜೋಳದ ರೊಟ್ಟಿಯನ್ನು ಎಲ್ಲರಿಗೂ ಮುರಿದು ಹಂಚುವುದು ಅವರ ರೂಢಿ. ಚೆಂಡನ್ನು ಕೈಯಲ್ಲಿ ಹಿಡಿದು ಎಸೆದು ಆಡುವ ಅಮೆರಿಕದ ಆ ಫುಟ್ಬಾಲನ್ನು ಅವರು ದ್ವೇಷಿಸುತ್ತಿರಲಿಲ್ಲ. ಶನಿವಾರಗಳಂದು ಊರೆಲ್ಲ ಕೆಂಪು ಅಂಗಿ ತೊಟ್ಟು ಕ್ರೀಡಾಂಗಣದತ್ತ ಹರಿಯುವಾಗ ಪ್ರಯೋಗಾಲಯ ನಿಶ್ಶಬ್ದವಾಗಿರುತ್ತದೆಂದು ಒಳಗೊಳಗೇ ಸಂತೋಷಪಡುತ್ತಿದ್ದರು, ಅಷ್ಟೆ.

ಡಾಲ್ಟನ್ ಅವರ ತರಗತಿಗೆ ಬಂದದ್ದು ಸುಲಭದ ಅಂಕಗಳ ಆಸೆಯಿಂದ. ಮಿಸಿಸಿಪ್ಪಿ ಕರಾವಳಿಯ ಸೀಗಡಿ ದೋಣಿಯವರ ಮಗ, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ತಡೆಯುವಂಥ ಆಳು. ಚೆಂಡು ಎಸೆಯುವ ಆಟಗಾರನ ಎಡಬದಿಯನ್ನು ಎದುರಾಳಿಗಳಿಂದ ಕಾಯುವುದು ತಂಡದಲ್ಲಿ ಅವನ ಕೆಲಸ. ಚೆಂಡು ಅವನ ಕೈಗೆ ಬರುವುದೇ ಇಲ್ಲ. ಅವನು ತಪ್ಪಿದಾಗ ಮಾತ್ರ ಜನಕ್ಕೆ ಅವನ ಹೆಸರು ನೆನಪಾಗುತ್ತದೆ.

"ನಮ್ಮೂರಲ್ಲಿ ಕಲ್ಲೇ ಇಲ್ಲ ಮೇಡಂ, ಬರೀ ಕೆಸರು" ಎಂದಿದ್ದ ಮೊದಲ ದಿನ. "ಆ ಕೆಸರೂ ಯಾವತ್ತಾದ್ರೂ ಕಲ್ಲಾಗುತ್ತಾ?"

"ಆಗುತ್ತೆ. ನೀನು ಕಾಯಬೇಕಷ್ಟೆ."

"ಕಾಯೋದು ನಂಗೆ ಬರುತ್ತೆ ಮೇಡಂ. ಅದೇ ತಾನೆ ನನ್ನ ಕೆಲಸ!"

ತರಗತಿ ನಕ್ಕಿತು. ಆದರೆ ನದಿಯಡಿಯಿಂದ ಕೊಳವೆಯಲ್ಲಿ ತೆಗೆದ ಮಣ್ಣನ್ನು ಮೇಜಿನ ಮೇಲೆ ಇಟ್ಟಾಗ, ಯಾವ ಪದರ ನೆರೆಯದು, ಯಾವುದು ಚಂಡಮಾರುತದ್ದು ಎಂದು ಅವನು ಬೆರಳಿನಿಂದ ಮುಟ್ಟಿಯೇ ಹೇಳತೊಡಗಿದ. ಅಂಥ ಕೈಯನ್ನು ಆಡ್ರಾ ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ಭೂವಿಜ್ಞಾನವನ್ನೇ ಮುಖ್ಯ ವಿಷಯವಾಗಿ ತೆಗೆದುಕೋ ಎಂದು ಅವರೇ ಒತ್ತಾಯಿಸಿದರು.

ಆ ಶರತ್ಕಾಲದಲ್ಲಿ ತಂಡ ಸೋಲನ್ನೇ ಕಾಣಲಿಲ್ಲ. ಗೆದ್ದಷ್ಟೂ ಅಭ್ಯಾಸ ಬಿಗಿಯಾಯಿತು. ಮಧ್ಯಾಹ್ನದ ಪ್ರಯೋಗಾಲಯ ಅಭ್ಯಾಸಕ್ಕೆ ಅಡ್ಡ ಬರುತ್ತದೆ, ವಿಷಯ ಬದಲಿಸು ಎಂದು ತಂಡದ ಸಲಹೆಗಾರರು ಡಾಲ್ಟನ್‌ಗೆ ಹೇಳಿದಾಗ ಆಡ್ರಾ ಅವರು ವಾದಿಸಲಿಲ್ಲ. ಅವನೊಬ್ಬನಿಗಾಗಿ ಪ್ರಯೋಗಾಲಯವನ್ನು ನಸುಕಿಗೆ ಸರಿಸಿದರು. ಚಳಿ ಹೆಚ್ಚಿದ ಮೇಲೂ ಅದು ನಿಲ್ಲಲಿಲ್ಲ. ಊದಿದ ಬೆರಳುಗಳಿಗೆ ಪಟ್ಟಿ ಸುತ್ತಿಕೊಂಡು ಅವನು ಬರುತ್ತಿದ್ದ, ಇವರು ಕಾಫಿ ಕಾಯಿಸಿ ಇಟ್ಟಿರುತ್ತಿದ್ದರು. ಸುದ್ದಿ ಊರಿಗೆ ಹಬ್ಬಿತು. ದಿನಸಿ ಅಂಗಡಿಯವನು ಬಿಡಲಿಲ್ಲ: "ಏನ್ ಮೇಡಂ, ನಮ್ಮ ಹುಡುಗನ್ನ ಕಲ್ಲು ಹೊರೋಕೆ ಹಾಕ್ಕೊಂಡಿದ್ದೀರಂತೆ? ಶನಿವಾರ ಅವನಿಗೆ ಬೆನ್ನು ನೋವು ಅಂದ್ರೆ ನಿಮ್ಮನ್ನೇ ಮೈದಾನಕ್ಕೆ ಇಳಿಸ್ತೀವಿ!" ಆಡ್ರಾ ಅವರೂ ಅವನೊಂದಿಗೆ ನಕ್ಕರು. ಅದು ಅವರ ಜೀವನದ ಸಂತೋಷದ ಕಾಲ.

ಜನವರಿಯ ಮೊದಲ ವಾರ, ನ್ಯೂ ಆರ್ಲಿಯನ್ಸ್‌ನಲ್ಲಿ ಚಾಂಪಿಯನ್‌ಷಿಪ್ ಪಂದ್ಯ. ಡಾಲ್ಟನ್ ತನ್ನ ಪಾಲಿನ ಎರಡು ಟಿಕೆಟ್ಟುಗಳಲ್ಲಿ ಒಂದನ್ನು ತಾಯಿ ನೆಲ್‌ಗೂ ಇನ್ನೊಂದನ್ನು ಆಡ್ರಾ ಅವರಿಗೂ ಕೊಟ್ಟಿದ್ದ. ಬದುಕಿನಲ್ಲಿ ಮೊದಲ ಬಾರಿ ಅವರು ಫುಟ್ಬಾಲ್ ಪಂದ್ಯಕ್ಕೆ ಕುಳಿತರು, ಇಡೀ ಹೊತ್ತು ಚೆಂಡನ್ನು ಬಿಟ್ಟು ಅವನೊಬ್ಬನನ್ನೇ ನೋಡಿದರು. ಕೊನೆಯ ನಿಮಿಷದಲ್ಲಿ ವೆದರ್ಲಿ ಹಿಂದಿತ್ತು. ಚೆಂಡು ಹಿಡಿದವನು ಎಸೆಯಲು ಹಿಂದೆ ಸರಿದ. ಡಾಲ್ಟನ್ ಎದುರಾಳಿಯನ್ನು ಎದೆಗೊಟ್ಟು ತಡೆದು ನಿಂತ. ಅದೇ ಗಳಿಗೆಯಲ್ಲಿ ಹಿಂದಿನಿಂದ ಬಿದ್ದ ಇನ್ನೊಬ್ಬನ ಭಾರವೆಲ್ಲ ಅವನ ಮಂಡಿಯ ಮೇಲೆ ಬಂತು. ಅಷ್ಟರಲ್ಲಿ ಚೆಂಡು ಎಸೆಯುವವನ ಕೈಯಿಂದ ಹಾರಿತ್ತು. ಆ ತುದಿಯಲ್ಲಿ ನಮ್ಮವರು ಯಾರೋ ಅದನ್ನು ಹಿಡಿದರು, ವೆದರ್ಲಿ ಗೆದ್ದಿತು.

ಕ್ರೀಡಾಂಗಣವೇ ಎದ್ದು ಕುಣಿಯಿತು. ಗುರುತಿಲ್ಲದ ಗಂಡಸೊಬ್ಬ ಆಡ್ರಾ ಅವರನ್ನು ಅಪ್ಪಿಕೊಂಡು ಅತ್ತ. ಅವರು ಅವನನ್ನು ಪಕ್ಕಕ್ಕೆ ತಳ್ಳಿ ಮೈದಾನದತ್ತ ಕತ್ತು ಚಾಚಿದರು.

"ಎದ್ದೇಳ್ತಾನೆ" ಎಂದಳು ನೆಲ್, ಅವರ ಮೊಣಕೈ ಹಿಡಿದು. "ಯಾವಾಗ್ಲೂ ಎದ್ದೇಳ್ತಾನೆ ಕಣ್ರೀ. ನೋಡ್ತಿರಿ."

ಗೆದ್ದವರು ಅವನನ್ನು ಬಳಸಿಕೊಂಡು ಓಡಿದರು. ಅವನು ಏಳಲಿಲ್ಲ.

ಶಸ್ತ್ರಚಿಕಿತ್ಸೆಗಳಾದವು, ಮಂಡಿ ಮಡಚಲು ಬರಲಿಲ್ಲ. ಆಗಿನ ಕಟ್ಟಳೆಯಂತೆ ಆಟಗಾರನ ವಿದ್ಯಾರ್ಥಿವೇತನ ವರ್ಷವರ್ಷವೂ ನವೀಕರಣವಾಗಬೇಕಿತ್ತು, ಡಾಲ್ಟನ್‌ನದು ಆಗಲಿಲ್ಲ. ಆಡ್ರಾ ಅವರು ಕೋಚ್ ಗ್ಯಾರೆಟ್ ಸ್ಪೈವಿಯವರ ಕೋಣೆಗೆ ಹೋದರು. ಕೋಚ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು.

"ಮೇಡಂ, ಆ ಹುಡುಗನ್ನ ಮಗನ ಥರ ನೋಡ್ಕೊಂಡಿದ್ದೀನಿ. ಆದ್ರೆ ಆ ಜಾಗಕ್ಕೆ ಆಡೋನೊಬ್ಬ ಬೇಕಲ್ಲ?"

"ನಿಮ್ಮ ಮಗನೇ ಆಗಿದ್ರೆ ಜಾಗ ಖಾಲಿ ಮಾಡಿಸ್ತಿದ್ರಾ?"

"ನಾನು ಸೋತ್ರೆ ನನ್ನ ಜಾಗಾನೂ ಖಾಲಿ ಮಾಡಿಸ್ತಾರೆ ಮೇಡಂ" ಎಂದರು ಕೋಚ್, ಸಿಟ್ಟಿಲ್ಲದೆ.

ಆಡ್ರಾ ಅವರು ಅಧ್ಯಾಪಕರ ಸಭೆಯಲ್ಲಿ ವಿಷಯ ಎತ್ತಿದರು. ಯಾರೂ ವಿರೋಧಿಸಲಿಲ್ಲ, ಯಾರೂ ಬೆಂಬಲಿಸಲೂ ಇಲ್ಲ. ಚಾಂಪಿಯನ್ ತಂಡದವರಿಗೆ ತೊಡಿಸುವ ಗೆಲುವಿನ ಉಂಗುರದ ಸಂಭ್ರಮದಲ್ಲಿದ್ದ ಊರಿನಲ್ಲಿ ಅಂಥ ಮಾತು ಅಪಶಕುನದಂತೆ ಕೇಳಿಸಿತು. ಕೊನೆಗೆ ತಾವೇ ಫೀಸು ಕಟ್ಟುವುದಾಗಿ ಹೇಳಿದಾಗ ಡಾಲ್ಟನ್ ತಲೆ ಅಡ್ಡಡ್ಡ ಆಡಿಸಿದ. "ಬೇಡ ಮೇಡಂ. ನಿಮ್ ದುಡ್ಡಲ್ಲಿ ಓದಿದ್ರೆ ನಮ್ಮಪ್ಪ ಮನೆಗೆ ಸೇರ್ಸಲ್ಲ." ಊರುಗೋಲು ಊರಿಕೊಂಡು ಬಸ್ಸು ಹತ್ತಿದ. ಸೆಪ್ಟೆಂಬರಿನಲ್ಲಿ ಎಡಬದಿಗೆ ಹೊಸಬ ನಿಂತ.

ಆಮೇಲೆಯೂ ಆಡ್ರಾ ಅವರು ನಿಷ್ಠೆಯಿಂದ ಕಲಿಸಿದರು, ಗ್ರಂಥಗಳನ್ನು ಬರೆದರು, ಪ್ರಶಸ್ತಿಗಳನ್ನು ಪಡೆದರು. ಆದರೆ ಭೂವಿಜ್ಞಾನ ತೆಗೆದುಕೋ ಎಂದು ಮತ್ತೆ ಯಾರನ್ನೂ ಒತ್ತಾಯಿಸಲಿಲ್ಲ. ವಿದ್ಯಾರ್ಥಿಗಳು ಕರಗುತ್ತ ಬಂದರು. ಎರಡು ವರ್ಷದ ಹಿಂದೆ ವಿಭಾಗವೇ ಮುಚ್ಚಿತು. ಉಳಿದ ಸೇವಾವಧಿಯನ್ನು ಅವರು ಗ್ರಂಥಾಲಯದ ಒಂದು ಮೂಲೆಕೋಣೆಯಲ್ಲಿ ಕಳೆದರು.

ಈ ವಸಂತದಲ್ಲಿ ಬೀಳ್ಕೊಡುಗೆ ಸಮಾರಂಭ ಗೊತ್ತಾದಾಗ ಅವರು ಕಾರು ಹತ್ತಿ ಕರಾವಳಿಗೆ ಹೋದರು. ಡಾಲ್ಟನ್ ಅಲ್ಲೊಂದು ಜೂಜುಮನೆಯ ಕಾರು ನಿಲ್ದಾಣದಲ್ಲಿ ಚೀಟಿ ಹರಿದು ಕೊಡುವ ಗೂಡಿನೊಳಗಿದ್ದ. ತಲೆ ನರೆತಿತ್ತು. ಗುರುತು ಹಿಡಿದು, ಎದ್ದೇಳಲು ಹೋಗಿ, ಆಗದೆ ಕುಳಿತ. ಆಡ್ರಾ ಅವರು ಅವನನ್ನು ಸಮಾರಂಭಕ್ಕೆ ಕರೆದರು.

"ನಾನು ಬರಲ್ಲ ಮೇಡಂ. ಆ ಊರಿನ ಮೇಲೆ ಸಿಟ್ಟೇನಿಲ್ಲ. ಆಟ ಹೋಯ್ತಲ್ಲ, ಅದಕ್ಕೂ ಬೇಜಾರಿಲ್ಲ. ಅದು ಹೆಂಗಿದ್ರೂ ಹೋಗೋದೇ." ಹಿಂದಿನ ಕಾರಿನವನು ಹಾರನ್ ಒತ್ತಿದ. ಡಾಲ್ಟನ್ ದನಿ ತಗ್ಗಿಸಿದ. "ನೀವ್ಯಾಕೆ ಅಷ್ಟು ಬೆಳಗ್ಗೆ ಎದ್ದು ಬರ್ತಿದ್ರಿ ಮೇಡಂ? ಬರದೇ ಇದ್ದಿದ್ರೆ, ನಂಗೇನು ಕೈ ತಪ್ಪೋಯ್ತು ಅಂತ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

ಅವರು ಕಾರು ಮುಂದಕ್ಕೆ ತೆಗೆದರು.

ಸಮಾರಂಭ ಕ್ರೀಡಾಂಗಣದ ಊಟದ ಸಭಾಂಗಣದಲ್ಲಿ ನಡೆಯಿತು. ಹೊಗಳಿಕೆಗಳೆಲ್ಲ ಮುಗಿದ ಮೇಲೆ ಆಡ್ರಾ ಅವರು ಎದ್ದು ಒಂದೇ ಮಾತು ಆಡಿದರು: "ನಾನು ಕಲಿಸಿದ್ದರಿಂದ ಯಾರಿಗಾದ್ರೂ ನೋವಾಗಿದ್ರೆ ಕ್ಷಮಿಸಿ." ಅವರ ಕಠಿಣ ಪರೀಕ್ಷೆಗಳನ್ನು ನೆನೆದು ಸಭೆ ಗೊಳ್ಳೆಂದು ನಕ್ಕಿತು; ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅವರು ಕುಳಿತು, ಚಪ್ಪಾಳೆ ಮುಗಿಯಲೆಂದು ಕಾದರು.

ಪೂಜ್ಯ ಗುರುಗಳಿಗೆ ಆಯುರಾರೋಗ್ಯ ಕೋರುವುದು ಇಂಥ ಬರಹದ ಕರ್ತವ್ಯ. ಅವರ ಮನೆ ಕ್ರೀಡಾಂಗಣಕ್ಕೆ ಸಮೀಪ. ಬದುಕಿರುವಷ್ಟು ಕಾಲ ಪ್ರತಿ ಶರತ್ಕಾಲದ ಶನಿವಾರವೂ ಆ ಆರ್ಭಟ ಅವರ ಕಿಟಕಿಗೆ ಬಂದು ಬಡಿಯುತ್ತದೆಂಬುದು ಬಲ್ಲವರಿಗೆ ಗೊತ್ತು. ಗೊತ್ತಿದ್ದೂ, ಬೇರೇನನ್ನೂ ಕೊಡಲಾರದ ನಾವು, ಅವರು ಬಹುಕಾಲ ಬಾಳಲಿ ಎಂದೇ ಬಯಸುತ್ತೇವೆ.