ಕೀಳ್ ಹಲ್ಲು

ಕಣದಲ್ಲಿ ಹರವಿದ ಭತ್ತ ಮೂಟೆ ಕಟ್ಟುವಷ್ಟು ಒಣಗಿದೆಯೋ ಇಲ್ಲವೋ ಎಂದು ಮಾರ್ಕಯನ್‌ಕೋಟ್ಟೈ ಎಂಬ ತಮಿಳು ಸೀಮೆಯ ಊರಿನ, ಕನ್ನಡ ಮನೆಮಾತಿನ ನಮ್ಮ ಬೀದಿಯವರು ಕೇಳುವುದು ನನ್ನ ಅವ್ವನನ್ನು. ಒಂದು ಹಿಡಿ ಭತ್ತ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಅವ್ವ ಒಂದು ಕಾಳನ್ನು ಎಡಗಡೆ ದವಡೆಹಲ್ಲಿಗೆ ಕೊಟ್ಟು ಕಡಿದು, ಕಣ್ಣು ಮುಚ್ಚಿ, "ಇನ್ನೊಂದ್ ಬಿಸ್ಲು ಬೇಕು" ಎಂದರೆ ಮುಗಿಯಿತು. ವ್ಯಾಪಾರಿಗಳ ಹತ್ತಿರ ತೇವ ನೋಡುವ ಯಂತ್ರವಿದೆ, ಆದರೆ ಅದನ್ನು ತಂದವರೂ ಒಮ್ಮೆ ಅವ್ವನ ಮುಖ ನೋಡಿಯೇ ಹೋಗುತ್ತಾರೆ.

ಹೋದ ವರ್ಷ ಕೊಯ್ಲಿಗೆ ಮುಂಚೆ ಅವ್ವ ಆರಿದ ಕಾಫಿ ಕುಡಿಯಲು ಶುರುಮಾಡಿದಳು. ನಾಲಗೆ ಸುಡದಿದ್ದರೆ ಅದು ಕಾಫಿಯೇ ಅಲ್ಲ ಎನ್ನುವವಳು. ಗದರಿಸಿ ಕೇಳಿದ ಮೇಲೆ ಒಪ್ಪಿಕೊಂಡಳು: ಎಡಗಡೆ ಹಲ್ಲು ಜುಮ್ ಅನ್ನುತ್ತದೆ.

"ಡಾಕ್ಟ್ರತ್ರ ಓದ್ರೆ ಕಿತ್ ಬಿಸಾಕ್ತಾರೆ. ಹಲ್ ಓದ್ ಮ್ಯಾಲೆ ನನ್ನ ಯಾರ್ ಕೇಳ್ತಾರೆ?"

ಅವಳ ಹೆದರಿಕೆ ನೋವಿನದಲ್ಲ. ಬೀದಿಯವರು ಬರುವುದು ನಿಂತರೆ ಎಂಬುದು. ಕೀಳಿಸುವುದಿಲ್ಲ ಎಂದು ಮಾತು ಕೊಟ್ಟು, ಬೈಕಿನಲ್ಲಿ ಕೂರಿಸಿಕೊಂಡು ಚಿನ್ನಮನೂರಿಗೆ ಹೊರಟೆ.

ಹಲ್ಲಿನ ಡಾಕ್ಟರು ನಮ್ಮವರದ್ದೇ ಹುಡುಗಿ. ನಮ್ಮ ಮಕ್ಕಳಂತೆಯೇ, ಮನೆಮಾತು ಅರ್ಥವಾಗುತ್ತದೆ, ಉತ್ತರ ಬರುವುದು ತಮಿಳಿನಲ್ಲಿ. ಅವ್ವ "ಯಾರ್ ಮಗ್ಳವ್ವ ನೀನು?" ಎಂದು ಕೇಳಿದ್ದೇ ಅವಳಿಗೆ ಹುರುಪು ಬಂತು, ತಾನೂ ನಮ್ಮ ಮಾತೇ ಆಡಬೇಕೆಂದು. ಪುಟ್ಟ ಕನ್ನಡಿ ಹಿಡಿದು ಬಾಯೊಳಗೆ ನೋಡಿ, ನಗುನಗುತ್ತಾ ಹೇಳಿದಳು:

"ಕೀಳ್ ಹಲ್ಲು, ಅವ್ವಾ."

ಅವ್ವ ಧಡಕ್ಕನೆ ಕುರ್ಚಿಯಿಂದ ಇಳಿದಳು. "ಕೀಳಾಕೆ ನಾನೇನ್ ಕಳೆಯಾ?" ಎನ್ನುತ್ತಾ ಚಪ್ಪಲಿ ಹುಡುಕತೊಡಗಿದಳು. ನನ್ನನ್ನು ನೋಡಿದ ನೋಟವಂತೂ ಕೇಳಲೇಬೇಡಿ. ನನಗೂ ಪಿತ್ತ ನೆತ್ತಿಗೇರಿ, ನೋಡಿದ ತಕ್ಷಣ ಕೀಳು ಅನ್ನುತ್ತೀಯಲ್ಲ, ಬೇರೆ ಮದ್ದೇ ಇಲ್ಲವೇ ಎಂದು ರೇಗಿದೆ. ಹುಡುಗಿ ಕಕ್ಕಾಬಿಕ್ಕಿಯಾಗಿ, ತಾನು ಕೀಳುವ ಮಾತೇ ಆಡಲಿಲ್ಲ, ಕೆಳಗಿನ ಹಲ್ಲು ಎಂದಷ್ಟೇ ಹೇಳಿದ್ದು ಎಂದು ತಮಿಳಿನಲ್ಲಿ ಗೋಳಾಡಿದಳು. ತಮಿಳಿನಲ್ಲಿ ಕೆಳಗಿನದಕ್ಕೆ ಹೇಳುವ ಮಾತು ನಮ್ಮ ಕಡೆಯವರ ಬಾಯಲ್ಲಿ 'ಕೀಳ್' ಆಗುತ್ತದೆ. ಅರ್ಧ ತಮಿಳು, ಅರ್ಧ ನಮ್ಮದು ಸೇರಿಸಿ ಪಾಪ ಆ ಮಗು ಪ್ರೀತಿಯಿಂದ ಮಾತಾಡಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವ್ವ ನಗಲಿಲ್ಲ, ಆದರೆ ಮತ್ತೆ ಕುರ್ಚಿಯಲ್ಲಿ ಕೂತಳು.

ಆಮೇಲೆ ಹುಡುಗಿ ವಿವರಿಸಿದಳು. ವಯಸ್ಸಾದಂತೆ ವಸಡು ಇಳಿದು ಹಲ್ಲಿನ ಬೇರು ಹೊರಗೆ ಕಾಣುತ್ತದಂತೆ. ಬೇರು ವಸಡಿನ ಹೊರಗಿರುವ ಹಲ್ಲಿನಷ್ಟು ಗಟ್ಟಿಯಲ್ಲ, ಬೇಗ ಹುಳುಕಾಗುತ್ತದಂತೆ. "ಬಾಳೆ ಬುಡದ್ ಮಣ್ ಕೊಚ್ಕಂಡ್ ಓದಂಗೆ" ಎಂದಳು ಅವ್ವ. ಮುದುಕರಲ್ಲಿ ಮಾತ್ರವಲ್ಲ, ನಡುವಯಸ್ಸಿನವರಲ್ಲೂ ದಿನಾ ನೋಡುತ್ತೇನೆ ಎಂದು ಹುಡುಗಿ ನನ್ನ ಕಡೆ ತಿರುಗಿದಳು. "ನೀವೂ ಬಾಯ್ ತೆಗೀರಿ, ಮಾಮಾ." ಹುಳುಕು ಹಲ್ಲು ಅವ್ವನದು ಒಂದು, ನನ್ನವು ಎರಡು. ಆಗ ಅವ್ವ ನಕ್ಕಳು, ವಾರವೆಲ್ಲ ಬೀದಿಗೆ ಹೇಳುವಷ್ಟು.

ಅವ್ವನ ಹಲ್ಲಿನ ಹುಳುಕು ಕೆರೆದು ಸಿಮೆಂಟು ತುಂಬಿದ್ದಾಯಿತು. ಹಲ್ಲು ಉಳಿಯಿತು. ಆದರೆ ಆ ಕಡೆ ಗಟ್ಟಿಯಾದ್ದು ಏನನ್ನೂ ಕಡಿಯಬಾರದು, ಭತ್ತವಂತೂ ಬೇಡವೇ ಬೇಡ ಎಂದಳು ಹುಡುಗಿ. ಬಲಗಡೆ ಅವ್ವನಿಗೆ ದವಡೆಹಲ್ಲುಗಳೇ ಇಲ್ಲ.

ಕೊಯ್ಲಾಯಿತು. ಒಂದು ಬೆಳಗ್ಗೆ ಪಕ್ಕದ ಮನೆಯಾಕೆ ಭತ್ತ ತಂದಳು. ಅವ್ವ ಕಾಳನ್ನು ಬೆರಳಲ್ಲಿ ಹೊರಳಿಸುತ್ತಾ ಬಹಳ ಹೊತ್ತು ಕೂತಳು. ನನಗೆ ನೋಡಲಾಗಲಿಲ್ಲ. ಕೊನೆಗೆ ಕಾಳನ್ನು ನನ್ನ ಕೈಗೆ ಕೊಟ್ಟು "ಹುಳುಕಿಲ್ದ್ ಕಡೆ ಕಡಿ" ಎಂದಳು.

ಕಡಿದೆ. "ಒಣಗೈತೆ ಅವ್ವ" ಎಂದೆ.

"ನಿನ್ನ ಯಾರ್ ಕೇಳಿದ್ದು? ಇನ್ನೊಂದ್ ಕಡಿ." ನನ್ನ ಕೆನ್ನೆಯ ಹತ್ತಿರ ಕಿವಿಯಿಟ್ಟು ಕಣ್ಣು ಮುಚ್ಚಿದಳು. ನಾನು ಕಡಿದೆ. ಅವಳು ಪಕ್ಕದ ಮನೆಯಾಕೆಗೆ ಹೇಳಿದಳು: "ಇನ್ನೂ ಮೆತ್ಗೈತೆ. ನಾಳೆ ಮದ್ಯಾನ ಮೂಟೆ ಕಟ್ಟು."

ಇಷ್ಟು ವರ್ಷ ಅವಳು ಭತ್ತ ಮುರಿಯುವ ಸದ್ದನ್ನು ಕೇಳಿಸಿಕೊಳ್ಳುತ್ತಿದ್ದಳು. ನಾವೆಲ್ಲ ಹಲ್ಲನ್ನು ಹೊಗಳುತ್ತಿದ್ದೆವು.

"ಹಲ್ ಯಾರ್ದಾದ್ರೇನು" ಎಂದಳು ಅವ್ವ. ಆ ಸುಗ್ಗಿ ಮುಗಿಯುವವರೆಗೆ ನಾನು ದಿನಾ ಬೆಳಗ್ಗೆ ಅವಳ ಪಕ್ಕದಲ್ಲಿ ಕೂತು ಬೀದಿಯವರ ಭತ್ತ ಕಡಿದೆ.