ಚಿಕ್ಕಮ್ಮನ ಮುಕ್ಕಾಲು ಗಂಟೆ

ನನ್ನ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಬೆಡ್‌ಶೀಟ್‌ಗಳಿಗೆ ಡಿಸೈನ್ ಬರೆದವಳು. ಮಲಗುವ ಬಟ್ಟೆಗೆ ಇಷ್ಟೊಂದು ಒದ್ದಾಟವೇ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರು ಒಮ್ಮೆ ಬಿಳಿ ಹಾಳೆಯ ಮುಂದೆ ಕುಳಿತು ನೋಡಲಿ. ಅವಳು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲೇ ಬಟ್ಟೆ ಅಳೆಯುವವನು ನಾನು, ಇದೆಲ್ಲ ಕಣ್ಣಾರೆ ಕಂಡದ್ದು.

ಬೆಳಿಗ್ಗೆ ಬಂದವಳೇ ಅವಳು ಬ್ರಷ್ ಹಿಡಿಯುತ್ತಿರಲಿಲ್ಲ. ಹಿಂದಿನ ದಿನದ ಬಣ್ಣದ ಬಟ್ಟಲುಗಳನ್ನು ನಲ್ಲಿಯಡಿ ಇಟ್ಟುಕೊಂಡು ಮುಕ್ಕಾಲು ಗಂಟೆ ತೊಳೆಯುತ್ತಿದ್ದಳು. ಅಷ್ಟರಲ್ಲಿ ಏನಾದರೂ ಹೊಳೆದರೆ ಒದ್ದೆ ಕೈಯಲ್ಲೇ ಓಡಿ ಬಂದು ಗೀಚುತ್ತಿದ್ದಳು.

ಹೊಸ ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯರೇ, ಆದರೆ ಹೊತ್ತು ಹಾಳಾಗುವುದನ್ನು ಕಂಡರೆ ಆಗದು. ಬಟ್ಟಲು ತೊಳೆಯುವ ಕೆಲಸವನ್ನು ಬೇರೆಯವರಿಗೆ ವಹಿಸಿ, ದಿನಕ್ಕೆ ಆರು ಡಿಸೈನ್ ಎಂದು ಗೋಡೆಗೆ ಪಟ್ಟಿ ಅಂಟಿಸಿದರು. ಗಂಟೆಗೊಮ್ಮೆ ಬಂದು ಅವಳ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಚಿಕ್ಕಮ್ಮ ಆರಕ್ಕೆ ಆರೂ ಕೊಟ್ಟಳು. ಮನೆಯಲ್ಲಿ ಮಾತು ಕಡಿಮೆಯಾಯಿತು, ಅನ್ನ ತಟ್ಟೆಯಲ್ಲೇ ಉಳಿಯತೊಡಗಿತು.

ಎರಡನೇ ತಿಂಗಳು ಬಳ್ಳಿಯ ಡಿಸೈನೊಂದನ್ನು ಮ್ಯಾನೇಜರ್ ಬಾಯ್ತುಂಬ ಹೊಗಳಿದರು. ಚಿಕ್ಕಮ್ಮನಿಗೇ ಏಕೋ ಅನುಮಾನ. ಹಳೆಯ ಡಿಸೈನ್‌ಗಳ ಕಟ್ಟು ಬಿಚ್ಚಿ ನೋಡಿದರೆ, ಹನ್ನೊಂದು ವರ್ಷದ ಹಿಂದೆ ಅವಳೇ ಬರೆದ ಬಳ್ಳಿ, ಎಲೆ ಎಲೆಯೂ ಅದೇ. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹಳೆಯ ದಾರಿ ಹಿಡಿದಿತ್ತು. ನಾನಾಗಿದ್ದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವಳು ಎರಡೂ ಹಾಳೆ ಒಯ್ದು ಅವರ ಮೇಜಿನ ಮೇಲಿಟ್ಟಳು. ಅಂದು ಅವಳ ಮೇಲೆ ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ.

"ಸರ್, ನನ್ನದನ್ನ ನಾನೇ ಕದ್ದಿದ್ದೀನಿ. ತಲೆ ಖಾಲಿಯಾಗಿದೆ."

"ರಜೆ ಬೇಕಾ ಮೇಡಂ?"

"ಬಟ್ಟಲು ಬೇಕು ಸರ್. ಬೆಳಿಗ್ಗೆ ನನ್ನ ಪಾಡಿಗೆ ನನ್ನ ಬಿಟ್ಬಿಡಿ. ಆಮೇಲೂ ಹೊಸದು ಬರದಿದ್ರೆ ನಾನೇ ಕೆಲಸ ಬಿಡ್ತೀನಿ."

ಮ್ಯಾನೇಜರ್ ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ನೋಡಿದರು. "ಒಂದು ತಿಂಗಳು ನೋಡೋಣ" ಎಂದು ಪಟ್ಟಿಯನ್ನು ತಾವೇ ಕಿತ್ತರು.

ಮೂರು ವಾರ ಏನೂ ಬರಲಿಲ್ಲ. ಬಟ್ಟಲುಗಳು ಫಳಫಳ, ಹಾಳೆ ಬೋಳು. ತಡೆಯಲಾರದೆ ನಾನೇ ಹೇಳಿದೆ.

"ಚಿಕ್ಕಮ್ಮ, ಹಳೇದನ್ನೇ ಸ್ವಲ್ಪ ತಿರುಗಿಸಿ ಮುರುಗಿಸಿ ಕೊಟ್ಬಿಡು."

"ನಿನ್ನ ಅಳತೆ ನೀನು ನೋಡ್ಕೋ ಹೋಗು" ಎಂದಳು.

ಇಪ್ಪತ್ತಾರನೇ ದಿನ ನಲ್ಲಿಯನ್ನು ಸುರಿಯುತ್ತಿದ್ದಂತೆಯೇ ಬಿಟ್ಟು ಬಂದು ಕುಳಿತಳು. ಮಧ್ಯಾಹ್ನದವರೆಗೆ ತಲೆಯೆತ್ತಲಿಲ್ಲ. ಸಂಜೆಯ ಹೊತ್ತಿಗೆ ನನ್ನನ್ನು ಕರೆದಳು. ಹಾಳೆಯ ತುಂಬ ಕಿಟಕಿಗಳ ಸಾಲು, ಒಂದೊಂದರಲ್ಲೂ ಒಂದೊಂದು ಬಗೆಯ ಬೆಳಕು. ಸುತ್ತ ನೆಲದ ಮೇಲೆ ಇಪ್ಪತ್ತೆರಡು ವರ್ಷದ ಡಿಸೈನ್‌ಗಳನ್ನೆಲ್ಲ ಹರಡಿಕೊಂಡಿದ್ದಳು. ಒಂದೊಂದನ್ನೂ ಪಕ್ಕಕ್ಕಿಟ್ಟು ಹೋಲಿಸಿ ನೋಡಿದ್ದಳಂತೆ.

"ಇದು ಇವುಗಳಲ್ಲಿ ಎಲ್ಲೂ ಇಲ್ಲ ಕಣೋ" ಎಂದವಳು, ಅಲ್ಲೇ ಕುಳಿತು ಅತ್ತುಬಿಟ್ಟಳು.